ಒಂದೇ ಸಲ ಏಳುತ್ತದೆ

ಲ್ಯಾಬ್ ಸಾರ್ ಮೆಟ್ಟಿಲು ಹತ್ತುವ ಸದ್ದು ಕೇಳಿದ ಕೂಡಲೇ ನಮ್ಮಮ್ಮ ಮಿಕ್ಸಿಯ ಮೇಲೆ ಟವೆಲ್ ಹೊದಿಸುತ್ತಿದ್ದಳು. ಫ್ಯಾನು ತಿರುಗುತ್ತಿದ್ದರೆ ನಿಲ್ಲಿಸುತ್ತಿದ್ದಳು. "ಮುಚ್ಚ್ ಹೆಣ್ಣೆ, ಮುಚ್ಚ್, ಅವ್ರ್ ಬಂದ್ರ್" ಎಂದು ನನ್ನನ್ನು ಗ್ರೈಂಡರಿನ ಕಡೆಗೆ ಅಟ್ಟುತ್ತಿದ್ದಳು. ಮದರಾಸಿನ ಕ್ರೋಂಪೇಟೆಯ ಸೆಕೆಯಲ್ಲಿ ಫ್ಯಾನು ನಿಲ್ಲಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ ಅವರಿಗೆ ಕಾಫಿ ಕೊಡುತ್ತಿದ್ದೆವು. ಅವರು ಏನೂ ಗೊತ್ತಿಲ್ಲದವರಂತೆ ಕುಡಿದು, ಲೋಟವನ್ನು ತಾವೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ಗೊತ್ತಿತ್ತು ಅನ್ನುವುದು ನನಗೆ ತಿಳಿದದ್ದು ತಡವಾಗಿ. ಒಂದು ದಿನ ಮೆಟ್ಟಿಲಿಳಿಯುವಾಗ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಅಮ್ಮನಿಗೆ ಹೇಳು ಮಾ. ಟವೆಲ್ ಮುಚ್ಚಿದ್ರೆ ಮಿಕ್ಸಿಗೆ ಗಾಳಿ ಆಡಲ್ಲ. ಬೇಗ ಹೋಗುತ್ತೆ."

ನಾನು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ 'ಮಿಕ್ಸಿ ಹೋಗುತ್ತೆ ಅಂದ್ರಾ' ಎಂದು ಅವಳು ಅಂದೇ ಅದಕ್ಕೆ ದೃಷ್ಟಿ ತೆಗೆಯುತ್ತಿದ್ದಳು.

ಮೊನ್ನೆ ಅವರು ತೀರಿಕೊಂಡ ಸುದ್ದಿ ನಮ್ಮ ಕಾಲೇಜಿನ ಹಳೆಯ ವಾಟ್ಸ್‌ಆಪ್ ಗುಂಪಿನಲ್ಲಿ ಬಂತು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಅವುಗಳ ನಡುವೆ ಒಬ್ಬಳು ಕೇಳಿದ್ದಳು: "ನಮ್ಮ ಕರುನಾಕ್ಕು ಸಾರಾ?" ಕರುನಾಕ್ಕು ಎಂದರೆ ತಮಿಳಿನಲ್ಲಿ ಕರಿನಾಲಿಗೆ; ಬಾಯಿಂದ ಬಂದ ಕೆಟ್ಟದ್ದು ಆಗಿಯೇ ತೀರುವಂಥವರು. ನಾನು ಅವಳಿಗೆ ಉತ್ತರ ಬರೆಯಲು ಹೋದೆ. ಎರಡು ಸಾಲು ಬರೆದು ಅಳಿಸಿದೆ. ಆ ಉತ್ತರವನ್ನು ನಾನು ಕೊಡಬೇಕಾಗಿದ್ದದ್ದು ಹನ್ನೊಂದು ವರ್ಷದ ಹಿಂದೆ, ನಮ್ಮ ಮನೆಯ ನಡುಕೋಣೆಯಲ್ಲಿ.

ನಾವು ಅವರನ್ನು ಹೆಸರು ಹಿಡಿದು ಕರೆದವರಲ್ಲ. ಲ್ಯಾಬ್ ಸಾರ್ ಅಷ್ಟೇ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅಸಿಸ್ಟೆಂಟ್ ಆಗಿದ್ದರು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ, ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಇದ್ದರು. ಅವರಿಗೆ ಮದುವೆಯಾಗಿರಲಿಲ್ಲ. ತಾತನ ಕಾಲದಿಂದ ಮದರಾಸಿನಲ್ಲೇ ಬೇರುಬಿಟ್ಟ ಮಾಧ್ವರ ಮನೆತನ. ಕನ್ನಡದಲ್ಲಿ ಶುರುವಾದ ವಾಕ್ಯ ತಮಿಳಿನಲ್ಲಿ ಮುಗಿಯುತ್ತಿತ್ತು. ಹಣೆಯಲ್ಲಿ ಅಂಗಾರ ಅಕ್ಷತೆ, ಮೈಗೆ ಅರ್ಧ ತೋಳಿನ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಹಳದಿ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್.

ಕಂಪ್ಯೂಟರ್ ಕೆಟ್ಟಿದೆ ಅಂದರೆ ಎಲ್ಲರೂ ಪರದೆ ನೋಡುತ್ತಾರೆ. ಅವರು ನೋಡುತ್ತಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಗಲಾಟೆ ಮಾಡುತ್ತಿದ್ದ ನಾವೆಲ್ಲ ಸುಮ್ಮನಾಗುತ್ತಿದ್ದೆವು. ಕಣ್ಣು ತೆರೆದು ಒಂದೇ ಮಾತು. "ಹದಿನೈದು ದಿನ." ಇಲ್ಲವೇ, "ಇದು ಪೊಂಗಲ್ ನೋಡಲ್ಲ." ಆಮೇಲೆ ಚಾಕ್‌ಪೀಸಿನಿಂದ ಪೆಟ್ಟಿಗೆಯ ಬೆನ್ನಿಗೆ ತಾರೀಕು ಬರೆಯುತ್ತಿದ್ದರು. ಆ ತಾರೀಕಿನ ಹಿಂದೆ ಮುಂದೆ ಎರಡು ದಿನದಲ್ಲಿ ಆ ಕಂಪ್ಯೂಟರ್ ಮಲಗಿಬಿಡುತ್ತಿತ್ತು.

ಬೀದಿಯಲ್ಲೂ ಹಾಗೇ. ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಲು ನಿಂತವರು ಅಂಗಡಿಯವನಿಗೆ "ತಂಬೀ, ಶುಕ್ರವಾರ ದಾಟಲ್ಲ, ರೋಲರ್ ಬದಲಾಯಿಸು" ಅಂದರು. ಅವನು ನಕ್ಕ. ಗುರುವಾರ ಮಧ್ಯಾಹ್ನ, ಪರೀಕ್ಷೆಯ ಅರ್ಜಿಗೆ ಜನ ಸಾಲು ನಿಂತಾಗಲೇ ಅದು ನಿಂತಿತು. ಶನಿವಾರ ಅವರು ಆ ದಾರಿಯಲ್ಲಿ ಬಂದಾಗ ಅವನು ಅರ್ಧ ಷಟರ್ ಎಳೆದುಕೊಂಡ. ರೋಲರ್ ಬದಲಾಯಿಸಿ ಅಂದದ್ದು ಯಾರಿಗೂ ನೆನಪಿಲ್ಲ. ಶುಕ್ರವಾರ ದಾಟಲ್ಲ ಅಂದದ್ದು ಬೀದಿಗೆಲ್ಲ ನೆನಪಿತ್ತು.

ನಾನು ಒಮ್ಮೆ ಅವರನ್ನೇ ಕೇಳಿದೆ. "ಸಾರ್, ನಿಮಗೆ ಹೇಗೆ ಗೊತ್ತಾಗುತ್ತೆ?"

ಅವರು ಮೇಜಿನ ಖಾನೆಯಿಂದ ಉದ್ದನೆಯ ನೋಟುಬುಕ್ಕು ತೆಗೆದು ಮುಂದೆ ಇಟ್ಟರು. ಲ್ಯಾಬಿಗೆ ಸೇರಿದ ದಿನದಿಂದ ಸತ್ತ ಒಂದೊಂದು ಯಂತ್ರವೂ ಅದರಲ್ಲಿತ್ತು. ಯಾವ ಸದ್ದು ಯಾವತ್ತು ಶುರುವಾಯಿತು, ದಿನಕ್ಕೆ ಎಷ್ಟು ಸಲ, ಎಷ್ಟು ದಿನದ ಮೇಲೆ ನಿಂತಿತು, ಕಾರಣ ಏನು. ಕಾರಣ ಎಂಬ ಕಡೆ ಒಂದೊಂದೇ ಪದ. ಬಿಸಿ. ಧೂಳು. ವೋಲ್ಟೇಜು. ಬಿತ್ತು. "ಜೋಸ್ಯ ಅಲ್ಲ ಮಾ, ಲೆಕ್ಕ. ಸದ್ದು ಸುಳ್ಳು ಹೇಳಲ್ಲ. ಮನುಷ್ಯರು ಹೇಳ್ತಾರೆ, ಅದು ಹೇಳಲ್ಲ."

"ಹಾಗಾದ್ರೆ ಜನಕ್ಕೆ ಇದನ್ನ ತೋರಿಸಿ ಸಾರ್."

"ನಾನು ಬಿ.ಎಸ್ಸಿ. ಎರಡನೇ ವರ್ಷಕ್ಕೇ ಬಿಟ್ಟವನು. ನಾನು ಹೇಳಿದ್ರೆ ಬಾಯಿ ಅಂತಾರೆ. ನೀನು ಡಿಗ್ರಿ ಮುಗಿಸಿ ಹೇಳು, ಓದು ಅಂತಾರೆ. ಒಂದು ಸಾಕ್ಷಿ ಇದ್ರೆ ಸಾಕು ಮಾ ನನಗೆ. ಒಂದೇ."

ನಾನು ಹೂಂ ಅಂದೆ. ಆ ವಯಸ್ಸಿನಲ್ಲಿ ಹೂಂ ಅನ್ನುವುದು ಸುಲಭ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಅಪ್ಪ ಕುಂದಾಪುರದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ, ಕೊನೆಗೆ ಕಾವಲಿಯ ಮುಂದೆ ನಿಂತು ದೋಸೆ ಮಾಸ್ಟರ್ ಆದವನು. ಅಮ್ಮನಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ಈಗ ನಮ್ಮ ಮನೆಯ ಬಾಗಿಲಿನಲ್ಲಿ ನನ್ನ ಹೆಸರಿನ ಪಕ್ಕ ಬಿ.ಸಿ.ಎ. ಎಂದು ಕೆತ್ತಿಸಿದ ಹಲಗೆ ಇದೆ. ಬ್ಯಾಂಕಿನ ಅರ್ಜಿಯಲ್ಲಿ, ಅಡ್ಯಾರಿನಲ್ಲಿ ನಾನು ಕಂಪ್ಯೂಟರ್ ಕಲಿಸುವ ಶಾಲೆಯ ಹಾಜರಿಯಲ್ಲಿ, ಮದುವೆಯ ಕರೆಯೋಲೆಯಲ್ಲಿ ಕೂಡ ಅದನ್ನು ಬರೆದಿದ್ದೇನೆ. ಯಾರಾದರೂ ನಗುವುದಾದರೆ ನಗಲಿ.

ಆ ಮೂರು ಅಕ್ಷರ ಒಮ್ಮೆ ಕೈತಪ್ಪಿ ಹೋಗುವುದರಲ್ಲಿತ್ತು. ಏಪ್ರಿಲಿನಲ್ಲಿ ಪ್ರಾಜೆಕ್ಟಿನ ವೈವಾ ದಿನ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ನನ್ನ ಪ್ರೋಗ್ರಾಮ್ ಓಡಲಿಲ್ಲ. ಇಲ್ಲಿ ಫೇಲು ಅನ್ನುವುದಿಲ್ಲ, ಅರಿಯರ್ ಅನ್ನುತ್ತಾರೆ. ನವೆಂಬರಿನಲ್ಲಿ ಮತ್ತೆ ಒಂದು ಅವಕಾಶ. ಅದೇ ಕೊನೆಯದು, ನಮ್ಮ ಸಿಲಬಸ್ಸು ಅಲ್ಲಿಗೆ ಮುಗಿಯುತ್ತಿತ್ತು. ಪ್ರಾಜೆಕ್ಟು ನಾನೇ ಯೋಚಿಸಿದ್ದು: ಹೋಟೆಲಿನ ಅಡುಗೆಮನೆಯಲ್ಲಿ ಯಾರಿಗೆ ಯಾವ ಪಾಳಿ, ರುಬ್ಬುವುದು ಯಾರು, ಕಾವಲಿಗೆ ಯಾರು, ಒಬ್ಬನಿಗೆ ಜ್ವರ ಬಂದರೆ ಬದಲಿಗೆ ಯಾರು ಎಂದು ಹಂಚಿಕೊಡುವ ಪ್ರೋಗ್ರಾಮ್. ಅಪ್ಪನ ಮೂವತ್ತು ವರ್ಷದ ಅನುಭವ ಅದರಲ್ಲಿತ್ತು. ಆರು ತಿಂಗಳು ತಿದ್ದಿ ತಿದ್ದಿ ಕೂಡಿಸಿದ್ದೆ. ಅಷ್ಟೂ ಇದ್ದದ್ದು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾತ್ರ. ಪೆನ್‌ಡ್ರೈವಿನ ಪ್ರತಿಗೆ ಲ್ಯಾಬಿನ ವೈರಸ್ ಹತ್ತಿ ಹೋಗಿತ್ತು.

ಆ ಕಂಪ್ಯೂಟರ್ ಹೋಟೆಲಿನ ಬಿಲ್ ಹಾಕುವ ಹಳೆಯ ಪೆಟ್ಟಿಗೆ. ಹೊಸದು ಬಂದಾಗ ಹೋಟೆಲಿನ ಯಜಮಾನರು ಅಪ್ಪನಿಗೆ ಕೊಟ್ಟಿದ್ದರು. ಹತ್ತು ವರ್ಷ ಕಾವಲಿಯ ಪಕ್ಕದಲ್ಲಿ ಇದ್ದದ್ದು. ಮುಚ್ಚಳ ತೆಗೆದರೆ ಒಳಗೆಲ್ಲ ಎಣ್ಣೆ ಹೊಗೆಯ ಕಂದು ಪದರ, ಒಗ್ಗರಣೆಯ ವಾಸನೆ. ಅಕ್ಟೋಬರಿಗೆ ಅದು ಎದ್ದು ನಿಲ್ಲಲು ಇಪ್ಪತ್ತು ನಿಮಿಷ ತೆಗೆದುಕೊಳ್ಳತೊಡಗಿತು. ಒಂದು ಸಾಲು ಬರೆದರೆ ಎರಡು ನಿಮಿಷ ಸ್ತಬ್ಧ. ಲ್ಯಾಬ್ ಸಾರ್‌ಗೆ ಹೇಳಿದೆ.

"ಭಾರ ಇಳಿಸೋಣ," ಅಂದರು. "ಹಳೇ ಮೈಗೆ ಹಗುರವಾದ ಅಂಗಿ. ವಿಂಡೋಸ್ ಬದಲಿಗೆ ಚಿಕ್ಕ ಲಿನಕ್ಸ್ ಒಂದಿದೆ, ಹಾಕಿಕೊಡ್ತೀನಿ. ಆದ್ರೆ ಮೊದಲು ನಿನ್ನದೆಲ್ಲ ಹೊರಗೆ ತೆಗೀಬೇಕು. ತೆಗೆಯದೆ ನಾನು ಏನೂ ಹಾಕಲ್ಲ."

ಆಯುಧಪೂಜೆಗೆ ಎರಡು ದಿನ ಇರುವಾಗ ಬಂದರು. ಅಮ್ಮ ಟವೆಲ್ ಹೊದಿಸಿದಳು. ಅವರು ಬೆವರುತ್ತಲೇ ಕೂತರು.

ಹಳೆಯ ಪೆಟ್ಟಿಗೆ ಪೆನ್‌ಡ್ರೈವಿನಿಂದ ಏಳುವಷ್ಟು ಹೊಸದಲ್ಲ, ಸಿ.ಡಿ. ಬೇಕು. ಸಿ.ಡಿ. ಹಾಕಿದರೆ ಅದನ್ನು ಓದುವ ಕಣ್ಣಿಗೂ ಎಣ್ಣೆ ಕಟ್ಟಿತ್ತು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದರು. ಮೊದಲನೇ ಸಿ.ಡಿ. ಈ ಪ್ರೊಸೆಸರಿನಲ್ಲಿ ನಡೆಯುವುದಿಲ್ಲ ಎಂದು ಒಂದೇ ಸಾಲು ಬರೆದು ನಿಂತಿತು. ಅದಕ್ಕಿಂತ ಹಳೆಯದನ್ನು ಹಾಕಿದರು. ಚಿಹ್ನೆ ಮೂಡಿತು, ಪರದೆ ಕಪ್ಪಾಯಿತು. ಮತ್ತೆ ಶುರುಮಾಡಿ, ಏಳುವ ಮೊದಲು ಬರುವ ಸಾಲಿನ ಕೊನೆಗೆ ಒಂದು ಪದ ಸೇರಿಸಿದರು. ಈಗ ಬಣ್ಣ ಬಂತು. ಮೂಲೆಯಲ್ಲಿ ತಾರೀಕು ಯಾವುದೋ ಕಾಲದ ಜನವರಿ ಒಂದು ಎಂದಿತ್ತು. "ಗಡಿಯಾರದ ಸೆಲ್ ಸತ್ತಿದೆ. ಇದಕ್ಕೆ ನಿನ್ನೆ ಮೊನ್ನೆ ಗೊತ್ತಿಲ್ಲ," ಅಂದರು.

ಸಿ.ಡಿ.ಯಿಂದಲೇ ಎದ್ದು ನಿಂತ ಆ ಹಗುರದ ಲಿನಕ್ಸಿನಲ್ಲಿ ನನ್ನ ಡಿಸ್ಕನ್ನು ತೆರೆದರು. ಪ್ರಾಜೆಕ್ಟಿನ ಫೋಲ್ಡರ್ ಕಂಡಿತು. ಒಳಗಿನ ಫೈಲುಗಳ ಹೆಸರುಗಳು ಒಂದೊಂದಾಗಿ, ಬಹಳ ನಿಧಾನಕ್ಕೆ ಬಂದವು. ಹೆಸರು ಮಾತ್ರ. ಒಂದನ್ನೂ ತೆಗೆಯಲು ಬರಲಿಲ್ಲ. ಆಗ ಒಳಗಿಂದ ಸದ್ದು ಬಂತು.

ಟಕ್.

ಉಗುರಿನಿಂದ ತಗಡು ಮೀಟಿದ ಹಾಗೆ. ಸ್ವಲ್ಪ ಬಿಟ್ಟು ಮತ್ತೆ, ಟಕ್.

ಅವರು ಸ್ಕ್ರೂಡ್ರೈವರ್ ಊರಿ ಕೇಳಿದರು. ನಾಲ್ಕು ಟಕ್ ಎಣಿಸಿದರು. ಐದನೆಯದು ಬರುವ ಮೊದಲೇ ಗೋಡೆಯ ಪ್ಲಗ್ ಕಿತ್ತರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು.

"ಇನ್ನು ಒಂದೇ ಸಲ ಏಳುತ್ತೆ ಮಾ," ಅಂದರು. "ಆ ಒಂದು ಸಲ ನನಗೆ ಬೇಕು. ಲ್ಯಾಬಲ್ಲಿ, ಕೆಟ್ಟ ಜಾಗ ತಪ್ಪಿಸಿ ಓದೋ ಪ್ರೋಗ್ರಾಮ್ ಇದೆ. ಡಿಸ್ಕ್ ಬಿಚ್ಚಿ ತೊಗೊಂಡು ಹೋಗ್ತೀನಿ. ರಜೆ ಮುಗಿದ ದಿನವೇ ತೆಗೆದುಕೊಡ್ತೀನಿ."

ಅಪ್ಪ ಆಗಷ್ಟೇ ಹೋಟೆಲಿನಿಂದ ಬಂದಿದ್ದ. ಬಿಚ್ಚಿದ ಪೆಟ್ಟಿಗೆ ನೋಡಿ ಅಲ್ಲೇ ನಿಂತ. "ಹ್ವಾಯ್ ಸಾರ್, ನಾಡಿದ್ದ್ ಆಯುಧಪೂಜಿ. ಮಗಳ ವಿದ್ಯೆ ಅದ್. ಹೊಟ್ಟಿ ಬಗದದ್ದನ್ನ ದೇವ್ರ್ ಎದ್ರಿಗ್ ಇಡೂಕಾತ್ತಾ? ಆತಿಲ್ಲೆ. ಪೂಜಿ ಆಯ್ಲಿ, ಮತ್ತ್ ತಕಂಡ್ ಹೋಯ್ನಿ."

"ಮಾಸ್ಟರ್, ಪೂಜೆಗೆ ಇಡಿ. ಸ್ವಿಚ್ ಮಾತ್ರ ಬೇಡ. ಹಾಕಿದ್ರೆ ಮುಗೀತು."

"ಇಲ್ಲೆ ಇಲ್ಲೆ."

ಅವರು ಪೆಟ್ಟಿಗೆಯ ಎಂಟು ಸ್ಕ್ರೂಗಳನ್ನೂ ಮತ್ತೆ ಬಿಗಿದರು. ಒಂದು ಕಾಗದದಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ 'ಹಾಕಬೇಡಿ' ಎಂದು ಬರೆದು, ಸ್ವಿಚ್ಚಿನ ಮೇಲೆ ಟೇಪ್ ಹಚ್ಚಿ ಅಂಟಿಸಿದರು. ಹೋಗುವಾಗ ಬಾಗಿಲಲ್ಲಿ ತಿರುಗಿ ಮತ್ತೊಮ್ಮೆ ಹೇಳಿದರು. "ಒಂದೇ ಸಲ."

ಅವರು ಇಳಿದು ಹೋದ ಮೇಲೆ ಅಮ್ಮ ಫ್ಯಾನು ಹಾಕಿದಳು. "ಕೇಂಡ್ರ್ಯಾ? ಮುಗೀತು ಅಂದ್ರಲೆ," ಅಂದಳು.

ಆಯುಧಪೂಜೆಯ ದಿನ ಮದರಾಸು ಬೆಳಗಿನಿಂದಲೇ ಕೆಂಪಾಗಿರುತ್ತದೆ. ಅಂಗಡಿ ಅಂಗಡಿಯ ಮುಂದೆ ಬೂದುಗುಂಬಳ ಒಡೆದು, ಒಳಗಿನ ಕುಂಕುಮ ರಸ್ತೆಯಲ್ಲಿ ಹರಡಿ, ಆಟೋದ ಚಕ್ರಗಳು ಅದನ್ನು ಎಳೆದುಕೊಂಡು ಹೋಗುತ್ತವೆ. ಅಪ್ಪ ಹೋಟೆಲಿನಲ್ಲಿ ಕಾವಲಿಗೂ ಗ್ರೈಂಡರಿಗೂ ಪೂಜೆ ಮುಗಿಸಿ, ಮಂಡಕ್ಕಿ ಕಡಲೆಯ ಪೊಟ್ಟಣ ಹಿಡಿದು ಮನೆಗೆ ಬರುವಾಗ ಮಧ್ಯಾಹ್ನ. ನಮ್ಮ ನಡುಕೋಣೆಯಲ್ಲಿ ಕಂಪ್ಯೂಟರಿಗೆ ಗಂಧ, ಕುಂಕುಮ, ಸೇವಂತಿಗೆ. ಪಕ್ಕದಲ್ಲಿ ಅಪ್ಪನ ಮಗುಚುವ ಕೈ, ಅಮ್ಮನ ಕತ್ತಿ, ನನ್ನ ಪುಸ್ತಕಗಳು. ಮಂಗಳಾರತಿ ಆಯಿತು. ಗಂಟೆ ನನ್ನ ಕೈಯಲ್ಲಿತ್ತು.

ಅಪ್ಪ ಒಂದು ಲಿಂಬೆಹಣ್ಣನ್ನು ಪೆಟ್ಟಿಗೆಯ ಮುಂದಿಟ್ಟು, ಕಾಗದದ ಟೇಪನ್ನು ಉಗುರಿನಿಂದ ಬಿಡಿಸತೊಡಗಿದ.

"ಬೇಡಪ್ಪ. ಸಾರ್ ಹೇಳಿದ್ದಾರೆ."

"ಅವ್ರ್ ಹೇಳಿದ್ದಕ್ಕೇ ಮಗಾ. ಆ ಬಾಯಂಗ್ ಬಂದದ್ದ್ ದೇವ್ರ್ ಎದ್ರಿಗೇ ಕಳಿಲಿ. ಗಾಡಿ ಸ್ಟಾರ್ಟ್ ಮಾಡ್ದೆ ಯಾರಾರೂ ಪೂಜಿ ಮಾಡ್ತ್ರಾ? ಒಂದ್ ಸಲ ಹಾಕುದ್, ತೆಗುದ್. ಅಷ್ಟೇ."

ಇದನ್ನು ಸರಿಯಾಗಿ ಬರೆಯಬೇಕು. ನಾನು ಬೇಡ ಅಂದದ್ದು ಒಮ್ಮೆ ಮಾತ್ರ. ಎರಡನೇ ಸಲ ಅನ್ನಲಿಲ್ಲ. ಪ್ಲಗ್ ಗೋಡೆಗೆ ಹಾಕು ಅಂದಾಗ ಹಾಕಿದವಳು ನಾನೇ. ಕಂಪ್ಯೂಟರ್ ಓದುತ್ತಿದ್ದವಳ ಒಳಗೂ ಒಂದು ಮೂಲೆಯಲ್ಲಿ, ದೇವಿಯ ಎದುರಿಗೆ ಏನೂ ಆಗಲಿಕ್ಕಿಲ್ಲ ಎಂಬ ಆಸೆ ಕೂತಿತ್ತು.

ಅಪ್ಪ ಸ್ವಿಚ್ ಒತ್ತಿದ. ಅಮ್ಮ ಕೈಮುಗಿದಳು. ಯಾವತ್ತೂ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ ಪೆಟ್ಟಿಗೆ ಆವತ್ತು ಬೇಗ ಎದ್ದಿತು. ಹಳೆಯ ಪರದೆ, ನನ್ನ ಪ್ರಾಜೆಕ್ಟಿನ ಚಿಹ್ನೆ, ಎಲ್ಲ ಬಂತು. ಅಪ್ಪ ನನ್ನ ಕಡೆ ತಿರುಗಿ ನಕ್ಕ. "ಕಂಡ್ಯಾ?" ಅಂದ. ಆ ನಗು ಅವನ ಮುಖದಲ್ಲಿರುವಾಗಲೇ ಒಳಗಿಂದ ಟಕ್ ಅಂದಿತು. ಟಕ್. ಟಕ್. ಟಕ್. ಆಮೇಲೆ ಎಣಿಸಲಾಗದಷ್ಟು ಬೇಗ ಬೇಗ. ಪರದೆ ಒಮ್ಮೆ ನೀಲಿಯಾಗಿ, ಕಪ್ಪಾಯಿತು. ಆಮೇಲೆ ಫ್ಯಾನಿನ ಸದ್ದು ಮಾತ್ರ.

ಅಪ್ಪ ಸ್ವಿಚ್ ತೆಗೆದ. ಕಾಗದವನ್ನು ಅದೇ ಜಾಗಕ್ಕೆ, ಅದೇ ಟೇಪಿನ ಅದೇ ಗುರುತಿನ ಮೇಲೆ ಕೂರಿಸಿ ಹೆಬ್ಬೆರಳಿನಿಂದ ಉಜ್ಜಿದ. ಬಹಳ ಹೊತ್ತು ಉಜ್ಜಿದ. ನನ್ನ ಮುಖ ನೋಡಲಿಲ್ಲ.

ರಜೆ ಮುಗಿದ ದಿನ ಲ್ಯಾಬ್ ಸಾರ್ ಬಂದರು. ಕಾಗದ ನೋಡಿ ಸಮಾಧಾನದಿಂದ ತಲೆಯಾಡಿಸಿದರು. ಡಿಸ್ಕು ಬಿಚ್ಚಿ ಲ್ಯಾಬಿಗೆ ಒಯ್ದರು. ಸಂಜೆ ನಾಲ್ಕಕ್ಕೆ ವಾಪಸು ಬಂದಾಗ ಡಿಸ್ಕು ಕೈಯಲ್ಲೇ ಇತ್ತು.

"ಇದು ಏಳಲೇ ಇಲ್ಲ," ಅಂದರು. ಕೂತುಕೊಳ್ಳಲಿಲ್ಲ. "ಒಂದು ಸಲ ಏಳಬೇಕಿತ್ತು. ಖಂಡಿಪ್ಪಾ ಏಳಬೇಕಿತ್ತು. ಯಾರಾದ್ರೂ ಹಾಕಿದ್ರಾ ಮಾಸ್ಟರ್?"

"ಇಲ್ಲೆ ಸಾರ್. ಕೈ ಸೈತ ಮುಟ್ಟಲಿಲ್ಲೆ. ಕಾಗದ ಹಾಂಗೇ ಇತ್ತಲೆ, ನೀವೇ ಕಂಡ್ರಿ."

"ಕೋಪ ಇಲ್ಲ. ಹಾಕಿದ್ರೆ ಹಾಕಿದ್ವಿ ಅನ್ನಿ, ಸಾಕು. 'ಹಾಕಿದ್ರೆ ಮುಗೀತು' ಅಂದಿದ್ದೆ. ಹಾಕಿದ್ರೆ ನನ್ನ ಲೆಕ್ಕ ಸರಿ. ಹಾಕದೆ ಹೇಗೆ? ನಿಂತ ಡಿಸ್ಕು ನಿಂತ ಹಾಗೇ ಇರುತ್ತೆ. ತಾನಾಗಿ ಸಾಯಲ್ಲ. ಇಷ್ಟು ವರ್ಷದಲ್ಲಿ ಒಂದೂ ಸತ್ತಿಲ್ಲ." ಅವರು ನನ್ನ ಕಡೆ ತಿರುಗಿದರು. "ನೀನು ಹೇಳು ಮಾ. ಹಾಕಿದ್ರಾ?"

ಗಡಿಯಾರವಿಲ್ಲದ ಆ ಪೆಟ್ಟಿಗೆಯಲ್ಲಿ ನಿನ್ನೆ ಮೊನ್ನೆಯ ದಾಖಲೆ ಇರಲಿಲ್ಲ. ಅಮ್ಮ ಅಪ್ಪನ ಮಾತು ಮೀರುವವಳಲ್ಲ; ಉಳಿದ ಸಾಕ್ಷಿ ನಾನೊಬ್ಬಳೇ. ಅಪ್ಪ ಗೋಡೆಗೆ ಒರಗಿ ನಿಂತಿದ್ದ. ಅವನ ಮುಂಗೈಯಲ್ಲಿ ಕಾವಲಿ ಸುಟ್ಟ ಕಲೆಗಳು. ಹೌದು ಅಂದರೆ, ಮಗಳ ಡಿಗ್ರಿಯನ್ನು ತನ್ನ ಕೈಯಾರೆ ಕೊಂದವನು ಅವನು ಎಂದು ಪರರ ಎದುರಿಗೆ ಹೇಳಿದ ಹಾಗೆ.

"ಇಲ್ಲ ಸಾರ್," ಅಂದೆ.

ಅವರು ನನ್ನನ್ನು ನಂಬಿದರು. ಅದು ನನಗೆ ಕಾಣಿಸಿತು. ಮುಖದ ಬಣ್ಣವೇ ಇಳಿಯಿತು. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಲು ಹೋಗಿ ಎರಡು ಸಲ ತಪ್ಪಿದರು. ಕೊನೆಗೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದರು. ಆವತ್ತು ಕಾಫಿ ಕುಡಿಯಲಿಲ್ಲ.

ಮರುದಿನವೇ ಬಂದರು, ಅದು ಅವರ ದೊಡ್ಡತನ. ಡಿಸ್ಕಿನ ಜಾಗ ಖಾಲಿ ಬಿಟ್ಟು, ಪೂರ್ತಿ ಮೆಮೊರಿಯಲ್ಲೇ ನಡೆಯುವ ಇನ್ನೂ ಪುಟ್ಟ ಲಿನಕ್ಸಿನ ಸಿ.ಡಿ. ತಂದಿದ್ದರು. ಅರ್ಧ ಗಂಟೆಗೊಮ್ಮೆ ಪೆಟ್ಟಿಗೆ ಕಲ್ಲಾಗುತ್ತಿತ್ತು. ಮೆಮೊರಿ ಪರೀಕ್ಷಿಸಿ, ಎರಡು ಪಟ್ಟಿಯಲ್ಲಿ ಕೆಟ್ಟದ್ದೊಂದನ್ನು ತೆಗೆದರು. ಉಳಿದ ಒಂದರಲ್ಲಿ ಅದು ಓಡಿತು. ಆರಿಸಿದರೆ ಎಲ್ಲ ಮರೆತುಬಿಡುವ ಯಂತ್ರ. ಬರೆದದ್ದನ್ನು ಆಗಾಗ ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕು. ಇದೆಲ್ಲ ಅವರು ಕೈಸನ್ನೆಯಲ್ಲಿ, ಒಂದೆರಡು ಪದದಲ್ಲಿ ತೋರಿಸಿದರು. ಪೆಟ್ಟಿಗೆಗೆ ಸ್ಕ್ರೂಡ್ರೈವರ್ ಊರಿ ಕೇಳಲಿಲ್ಲ.

ಹದಿನೆಂಟು ದಿನದಲ್ಲಿ ಅಷ್ಟನ್ನೂ ಮತ್ತೆ ಬರೆದೆ. ಅಪ್ಪ ಕೆಲಸದಿಂದ ಬಂದು ಪಕ್ಕದಲ್ಲಿ ಕೂತು ಪಾಳಿಗಳನ್ನು ಹೇಳುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ. ಇಬ್ಬರೂ ಆ ಮಧ್ಯಾಹ್ನದ ಮಾತು ತೆಗೆಯಲಿಲ್ಲ. ನವೆಂಬರಿನಲ್ಲಿ ಪಾಸಾದೆ.

ಮೈಸೂರು ಪಾಕ್ ತೆಗೆದುಕೊಂಡು ಲ್ಯಾಬಿಗೆ ಹೋದೆ. ಪೆಟ್ಟಿಗೆಗಳ ಬೆನ್ನಿನ ಮೇಲೆ ಒಂದೂ ಚಾಕ್‌ಪೀಸಿನ ಗುರುತಿರಲಿಲ್ಲ. ಎಲ್ಲ ಒರೆಸಿದ್ದರು.

"ಸಾರ್, ನಮ್ಮ ಮನೆಯದು ಇನ್ನೆಷ್ಟು ದಿನ ಓಡುತ್ತೆ?" ತಮಾಷೆಗೆ ಕೇಳಿದೆ.

ಅವರು ಬಾಯಿಗೆ ಕೈ ಅಡ್ಡ ಹಿಡಿದರು. "ನನ್ನ ಹತ್ರ ಕೇಳಬೇಡ ಮಾ. ನಿನಗೆ ಒಳ್ಳೇದಾಗಲಿ."

ಮರುವರ್ಷ ಸರ್ಟಿಫಿಕೇಟಿಗೆ ಹೋದಾಗ ಅವರ ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು ಇತ್ತು. ಲ್ಯಾಬಿನ ಯು.ಪಿ.ಎಸ್. ಬ್ಯಾಟರಿ ಉಬ್ಬಿ ಸಿಡಿದು ಆ್ಯಸಿಡ್ ಹಾರಿತ್ತು. ಹುಡುಗಿಯರು ಊಟಕ್ಕೆ ಹೋಗಿದ್ದ ಹೊತ್ತು, ಇದ್ದದ್ದು ಅವರೊಬ್ಬರೇ.

"ನಿಮಗೆ ಮೊದಲೇ ಗೊತ್ತಾಗಿರಬೇಕಲ್ಲ ಸಾರ್?"

"ಹತ್ತು ದಿನ ಮುಂಚೆ ಗೊತ್ತಿತ್ತು."

"ಹೇಳಬಾರದಿತ್ತಾ?"

"ಹೇಳಿದ್ರೆ ನಾನೇ ಮಾಡಿದ ಹಾಗಾಗ್ತಿತ್ತು ಮಾ. ನಿಮ್ಮನೇಲಿ ಆಯ್ತಲ್ಲ. ಯಾರೂ ಮುಟ್ಟದೆ, ಬರೀ ನಾನು ಹೇಳಿದ್ದಕ್ಕೆ."

ಅದೇ ಹೊತ್ತು ಹೇಳಬಹುದಿತ್ತು. ಸರ್ಟಿಫಿಕೇಟ್ ನನ್ನ ಕೈಯಲ್ಲಿತ್ತು, ಶಾಯಿ ಹೊಸದು, ನಾನೀಗ ಓದಿದವಳು. ಆದರೆ ಕೈ ಜೋಪಾನ ಸಾರ್ ಎಂದು ಹೇಳಿ ಬಂದುಬಿಟ್ಟೆ. ಆಮೇಲೆ ಅವರು ನಿವೃತ್ತರಾಗಿ ಅಕ್ಕನ ಜೊತೆ ಮಾಧವರಂ ಕಡೆಗೆ ಹೋದರು. ಎರಡು ಬಸ್ಸಿನ ದಾರಿ. ನಾನು ಒಮ್ಮೆಯೂ ಹೋಗಲಿಲ್ಲ.

ಸಾವಿನ ಸುದ್ದಿಯನ್ನು ಅಪ್ಪನಿಗೆ ಹೇಳಿದೆ. ಈಗ ಅವನಿಗೆ ಕಾವಲಿಯ ಕೆಲಸವಿಲ್ಲ, ಮನೆಯಲ್ಲೇ ಇರುತ್ತಾನೆ. "ಪಾಪ. ಒಳ್ಳೆ ಜನ. ಬಾಯಿ ಒಂದ್ ಹಾಂಗೆ," ಅಂದ. "ನೆನಪಿತ್ತಾ ಮಗಾ? ನಿನ್ನ ಕಂಪ್ಯೂಟರ್ ಯಾರೂ ಮುಟ್ಟದೇ ಸತ್ತ್ ಹೋಯ್ತಲೆ?"

ನಾನು ಅವನ ಮುಖವನ್ನೇ ನೋಡಿದೆ. ಅಲ್ಲಿ ಸುಳ್ಳು ಇರಲಿಲ್ಲ. ಆ ಲಿಂಬೆಹಣ್ಣು, ಆ ಟೇಪು, ಯಾವುದೂ ಅವನೊಳಗೆ ಉಳಿದಿರಲಿಲ್ಲ. ಅಮ್ಮನೂ ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದವಳು; ಇನ್ನು ನಿಜ ಹೇಳಬಲ್ಲವಳು ನಾನೊಬ್ಬಳೇ.

ಭಾನುವಾರ ಬೆಳಿಗ್ಗೆ ಮಾಧವರಂಗೆ ಹೋದೆ. ಬಾಗಿಲು ತೆಗೆದದ್ದು ಅವರ ಅಕ್ಕ. "ವಾಮ್ಮಾ, ದೋಸೆ ಮಾಸ್ಟರ್ ಮಗಳು ತಾನೇ? ಒಳಗೆ ಬಾ," ಅಂದರು. ಬೆತ್ತದ ಕುರ್ಚಿಯ ಮೇಲೆ ಅವರ ಫೋಟೋ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇಲ್ಲದ ಫೋಟೋ.

"ಹೇಗಾಯ್ತು ಅಮ್ಮಾ?"

"ಎದೆ. ಮೂರು ದಿನದಿಂದ ಒತ್ತುತ್ತಿತ್ತಂತೆ. ನನ್ನ ಹತ್ರ ಹೇಳಲಿಲ್ಲ. ಡೈರಿ ತೆಗೆದು ನೋಡಿದ್ರೆ ಟೈಮ್ ಸಮೇತ ಬರೆದಿದ್ದಾನೆ, ಎಷ್ಟು ಸಲ ಬಂತು, ಎಷ್ಟು ಹೊತ್ತು ಇತ್ತು ಅಂತ. ಬಾಯಲ್ಲಿ ಹೇಳಿದ್ರೆ ಆಗಿಬಿಡುತ್ತೆ ಅನ್ನೋ ಭಯ ಅವನಿಗೆ. ಕೆಲವು ವರ್ಷದಿಂದ ಹಾಗೇ. ನನಗೆ ಜ್ವರ ಬಂದ್ರೂ 'ಡಾಕ್ಟರ್ ಹತ್ರ ಹೋಗು' ಅಂತ ಚೀಟಿಲಿ ಬರೆದು ಕೊಡ್ತಿದ್ದ. ಪೈತ್ಯಂ, ಹುಚ್ಚ. ಪಾವಂ."

ಅವರು ಮಂಚದ ಕೆಳಗಿನ ತಗಡಿನ ಟ್ರಂಕು ಎಳೆದರು. ಸಾಮಾನು ಹಳೇ ಕಬ್ಬಿಣದವನಿಗೆ ಹಾಕುವ ಮೊದಲು ಗೊತ್ತಿರುವವರು ಯಾರಾದರೂ ನೋಡಲಿ ಅಂದರು. ಒಳಗೆ ಸತ್ತ ಡಿಸ್ಕುಗಳು, ಸಾಲಾಗಿ. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ, ಅವರ ಗುಂಡು ಅಕ್ಷರ. ಹೇಳಿದ ದಿನ. ಹೋದ ದಿನ. ಕಾರಣ: ಬಿಸಿ. ಕಾರಣ: ಧೂಳು. ಕಾರಣ: ಬಿತ್ತು.

ಕೊನೆಯದು ನನ್ನದು. ತೆಗೆಯುವ ಮೊದಲೇ ಒಗ್ಗರಣೆಯ ವಾಸನೆಯಿಂದ ಗೊತ್ತಾಯಿತು. 'ಹಾಕಬೇಡಿ' ಎಂಬ ಕಾಗದವನ್ನು ನಾಲ್ಕಾಗಿ ಮಡಚಿ ಅದಕ್ಕೇ ಕಟ್ಟಿದ್ದರು. ಚೀಟಿ ತಿರುಗಿಸಿದೆ.

ಕಾರಣ: ನಾನು ಹೇಳಿದ್ದು.

ಅದರ ಆಚೆಗೆ ಟ್ರಂಕು ಖಾಲಿ.

ನಾನು ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಲಿಂಬೆಹಣ್ಣು, ಟೇಪು, ಗೋಡೆಗೆ ಪ್ಲಗ್ ಹಾಕಿದ ನನ್ನ ಕೈ, ಇಲ್ಲ ಸಾರ್ ಅಂದ ನನ್ನ ಬಾಯಿ. ಮುಗಿದ ಮೇಲೆ ಅವರ ಅಕ್ಕ ಎದ್ದು ಅಡುಗೆಮನೆಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು, ನಿಂತಿತು. ವಾಪಸು ಬಂದಾಗ ಕೈಯಲ್ಲಿ ಪೆನ್ನಿತ್ತು.

"ಬರೆ," ಅಂದರು. "ಅವನ ಅಕ್ಷರ ಹೊಡೆದು ಹಾಕಬೇಡ. ಕೆಳಗೆ ಬರೆ. ನಿನ್ನ ಹೆಸರೂ ಹಾಕು. ಪಕ್ಕದಲ್ಲಿ ಡಿಗ್ರಿನೂ ಹಾಕಮ್ಮಾ. ಓದಿದವರು ಹೇಳಿದ್ರೆ ಜನ ನಂಬ್ತಾರೆ ಅಂತಿದ್ದ."

ಬರೆದೆ. ಆಯುಧಪೂಜೆಯ ದಿನ ಸ್ವಿಚ್ ಹಾಕಿದ್ದು ನಮ್ಮಪ್ಪ, ಪ್ಲಗ್ ಹಾಕಿದ್ದು ನಾನು, ಡಿಸ್ಕು ಒಂದು ಸಲ ಎದ್ದಿತು, ಅವರು ಹೇಳಿದಷ್ಟೇ. ಕೆಳಗೆ ಹೆಸರು ಬರೆದೆ. ಅದರ ಪಕ್ಕ ಮೂರು ಅಕ್ಷರ ಬರೆಯಬೇಕಿತ್ತು. ಎಲ್ಲೆಲ್ಲೋ, ಕೇಳದವರ ಎದುರಿಗೂ, ಯೋಚಿಸದೆ ಬರೆದ ಅಕ್ಷರಗಳವು. ಪೆನ್ನು ಚೀಟಿಯ ಮೇಲೆ ನಿಂತಿತು. ಅವರ ಅಕ್ಕ ಕಾಯುತ್ತ ನಿಂತೇ ಇದ್ದರು.